ತೃಪ್ತಿಕರವೇ ನನ್ನ ಮನೆದೇವರು!

ಹಳ್ಳಿಯೊಂದರ ಅಂಗನವಾಡಿಯ ಮೇಜಿನ ಖಾನೆಯಲ್ಲಿ ವಾಸವಾಗಿರುವ ಭೇಟಿ ಪುಸ್ತಕ ಎಲ್ಲರಿಗೂ ದರ್ಶನ ಕೊಡುವಂಥದ್ದಲ್ಲ. ಜೀಪಿನ ಸದ್ದು ಕೇಳಿದರಷ್ಟೇ ಹೊರಬರುವುದು ಅದರ ಪದ್ಧತಿ. ಮೇಲ್ವಿಚಾರಕಿಯಿಂದ ಹಿಡಿದು ಜಿಲ್ಲಾ ಮಟ್ಟದ ಸಾಹೇಬರವರೆಗೆ ಎಲ್ಲರ ಷರಾ ಹೊತ್ತಿರುವ ಈ ಹಿರಿಯರ ರಟ್ಟಿನ ಮೂಲೆಯನ್ನು ಇಲಿ ಕಡಿದಿದೆ, ಗತ್ತು ಮಾತ್ರ ಹಾಗೇ ಇದೆ. ಮಕ್ಕಳ ಆರೈಕೆಯ ಗುಣಮಟ್ಟ ಅಳೆಯುವುದು ಹೇಗೆ, ಹೆಚ್ಚಿಸುವುದು ಹೇಗೆ ಎಂದು ಕೇಳಲು ಹೋದಾಗ ಮೊದಲು ಗುರುತಿನ ಚೀಟಿ ಕೇಳಿದರು. ಪತ್ರಿಕೆಯವನೆಂದು ತಿಳಿದ ಮೇಲೆ ಕೊಂಚ ನೆಟ್ಟಗೆ ಕೂತರು.

ನಾನು: ನಮಸ್ಕಾರ. ತಮ್ಮ ಪರಿಚಯ?

ಪುಸ್ತಕ: ಸದರಿ ಪುಸ್ತಕವು ಪ್ರತಿ ಪುಟಕ್ಕೂ ಸಂಖ್ಯೆ ನಮೂದಿಸಿ ಮೊಹರು ಹಾಕಿಸಿಕೊಂಡ ಅಧಿಕೃತ ದಾಖಲೆ. ನನ್ನ ಮನೆತನವನ್ನು ಹಗುರವಾಗಿ ಕಾಣಬೇಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ರಾಜ್ಯದ ಪಾಲಿಗೆ ಬಂದದ್ದು ಟಿ. ನರಸೀಪುರ. ನಮ್ಮ ವಂಶದ ಮೂಲಪುರುಷರು ಮೊದಲ ಸಹಿ ಹಾಕಿಸಿಕೊಂಡದ್ದು ಅಲ್ಲೇ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಎಲ್ಲಿ ಹೋದರೂ ನಮ್ಮವರೇ.

ನಾನು: ಒಂದು ಅಂಗನವಾಡಿ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಗೆ ತೀರ್ಮಾನಿಸುತ್ತೀರಿ?

ಪುಸ್ತಕ: ಓದಿ ಹೇಳುತ್ತೇನೆ, ಬರೆದುಕೊಳ್ಳಿ. “ಸದರಿ ಕೇಂದ್ರಕ್ಕೆ ಅನಿರೀಕ್ಷಿತ ಭೇಟಿ ನೀಡಲಾಯಿತು. ದಾಖಲಾತಿ 22, ಹಾಜರಾತಿ 19. ಆವರಣ ಸ್ವಚ್ಛವಾಗಿದೆ. ದಾಖಲೆಗಳನ್ನು ನಿರ್ವಹಿಸಲಾಗಿದೆ. ಕೇಂದ್ರದ ಕಾರ್ಯವೈಖರಿ ತೃಪ್ತಿಕರ.” ಮುಂದಿನ ಪುಟವನ್ನೂ ಓದಲೇ? ತಾರೀಖು ಬಿಟ್ಟರೆ ಎಲ್ಲ ಇದೇ.

ನಾನು: ಅನಿರೀಕ್ಷಿತ ಭೇಟಿ ಅಂತೀರಿ. ಅವತ್ತು ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತಂತೆ?

ಪುಸ್ತಕ: ಪಕ್ಕದೂರಿನ ಟೀಚರ್ ಫೋನ್ ಮಾಡಿದ್ದರು. ಮುಂಚಿತವಾಗಿ ತಿಳಿಸದಿದ್ದರೆ ಅನಿರೀಕ್ಷಿತ ಭೇಟಿಗೆ ಎಲ್ಲರೂ ಹಾಜರಿರುವುದು ಹೇಗೆ ಸ್ವಾಮಿ?

ನಾನು: ಬೀರುವಿನಲ್ಲಿ ಆಟದ ಸಾಮಾನುಗಳಿವೆ. ಬೀಗ ಯಾಕೆ?

ಪುಸ್ತಕ: ಮಕ್ಕಳ ಕೈಗೆ ಕೊಟ್ಟರೆ ಮುರಿಯುತ್ತವೆ. ಮುಂದಿನ ಭೇಟಿಯಲ್ಲಿ ಎಣಿಸುವಾಗ ಒಂದು ಮರದ ಆನೆ ಕಡಿಮೆ ಬಂದರೆ ಟೀಚರ್ ಉತ್ತರ ಕೊಡಬೇಕು. ಮಗು ಆಡದೆ ಹೋದರೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಆದ್ದರಿಂದ “ಆಟಿಕೆಗಳು ಸುಸ್ಥಿತಿಯಲ್ಲಿವೆ” ಎಂಬ ಷರಾ ನನ್ನ ಬಳಿ ಭದ್ರವಾಗಿದೆ. ಶೌಚಾಲಯದ ಬೀಗದ ಬಗ್ಗೆಯೂ ಇದೇ ಉತ್ತರ. ಬಳಸದೆ ಇಟ್ಟದ್ದರಷ್ಟು ಸ್ವಚ್ಛ ಯಾವುದಿದೆ?

ನಾನು: ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೇರೆಯೇ ಹೇಳುತ್ತದೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶೇ. 19.5ರಷ್ಟು ಮಕ್ಕಳಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲ. ನಿಮ್ಮಲ್ಲಿ ನೋಡಿದರೆ ಎಲ್ಲೆಲ್ಲೂ ತೃಪ್ತಿ!

ಪುಸ್ತಕ: ಅವರು ಅಳೆದದ್ದು ಮಕ್ಕಳನ್ನು. ನಾವು ಅಳೆಯುವುದು ಕೇಂದ್ರವನ್ನು. ಎರಡನ್ನೂ ಕಲಸಬೇಡಿ.

ನಾನು: ಊಟದ ಗುಣಮಟ್ಟವನ್ನಾದರೂ ನೋಡುತ್ತೀರಾ?

ಪುಸ್ತಕ: ನೋಡುವುದೇನು, ರುಚಿಯನ್ನೇ ನೋಡುತ್ತಾರೆ. ಸಾಹೇಬರು ಒಂದು ಚಮಚ ಬಾಯಿಗಿಟ್ಟು “ಉಪ್ಪು ಸ್ವಲ್ಪ ಜಾಸ್ತಿ” ಎಂದು ಬರೆಸಿದ್ದಾರೆ. ಮಗುವಿಗೆ ದಿನಕ್ಕೆ 500 ಕಿಲೊ ಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕೆಂದು ನಿಯಮವಿತ್ತು. ಅದಕ್ಕೆ ಕೇಂದ್ರ ಸರ್ಕಾರ 2017ರಲ್ಲಿ ಗೊತ್ತುಮಾಡಿದ ವೆಚ್ಚ ಮಗುವೊಂದಕ್ಕೆ ದಿನಕ್ಕೆ 8 ರೂಪಾಯಿ. ಒಂದು ಮೊಟ್ಟೆ ಕೊಂಡರೆ ಉಳಿಯುವ ಚಿಲ್ಲರೆಯಲ್ಲಿ ಅಕ್ಕಿ, ಬೇಳೆ, ಎಣ್ಣೆ, ತರಕಾರಿ ಎಲ್ಲ ಆಗಬೇಕು. ಮೊನ್ನೆ ಸಾರಿನಲ್ಲಿ ಬೇಳೆ ಹುಡುಕಿದ ಮೇಡಂ ಒಬ್ಬರು “ಆಹಾರದ ಗುಣಮಟ್ಟ ಸುಧಾರಿಸಲು ಸೂಚಿಸಲಾಗಿದೆ” ಎಂದು ಬರೆದರು. ಬೇಳೆಯ ದರ ಸುಧಾರಿಸಲು ಯಾರಿಗೆ ಸೂಚಿಸಬೇಕೆಂದು ಅವರಿಗೂ ಹೊಳೆಯಲಿಲ್ಲ.

ನಾನು: ಈಗೆಲ್ಲ ಫೋನಿನಲ್ಲೇ ಆಗುತ್ತಿದೆಯಲ್ಲ. ತಮ್ಮ ಕಾಲ ಮುಗಿಯಿತೇ?

ಪುಸ್ತಕ: *(ಹಾಳೆ ಪಟಪಟ ಬಡಿಯುತ್ತ)* ಆ ಪೋಷಣ್ ಟ್ರ್ಯಾಕರ್ ಆ್ಯಪ್ ವಿಚಾರ ತಾನೆ? 2021ರಲ್ಲಿ ಬಂದ ಕೂಸು ಅದು! ತೂಕ ಹಾಕು, ಎತ್ತರ ಹಾಕು, ಹಾಜರಿ ಹಾಕು, ಫೋಟೊ ಹಾಕು. 2025ರಿಂದ ಮನೆಗೆ ಒಯ್ಯುವ ಆಹಾರಕ್ಕೆ ಫಲಾನುಭವಿಯ ಮುಖ ಗುರುತಿಸುವುದೂ ಅದರ ಪಾಲಿಗೇ ಹೋಯಿತು. ಬಾಣಂತಿಯನ್ನು ಹುಟ್ಟಿದಾಗಿನಿಂದ ಬಲ್ಲ ಆಯಾ ಪಕ್ಕದಲ್ಲೇ ನಿಂತು “ಇವಳು ನಮ್ಮ ಕೆಂಪಮ್ಮನ ಮಗಳು ಕಣ್ರೀ” ಅಂದರೂ ನಡೆಯುವುದಿಲ್ಲ. ಫೋನ್ ಒಪ್ಪಬೇಕು. ಸಿಗ್ನಲ್ ಸಿಗದಿದ್ದರೆ ನೀರಿನ ಟ್ಯಾಂಕ್ ಹತ್ತಿರದ ದಿಬ್ಬಕ್ಕೆ ಎಲ್ಲರೂ ಮೆರವಣಿಗೆ. ಹಾಗಂತ ನನ್ನನ್ನು ಕೈಬಿಟ್ಟಿಲ್ಲ. ಫೋನಿಗೆ ಹಾಕಿದ್ದನ್ನು ಪುಸ್ತಕದಲ್ಲೂ ಬರೆಯಬೇಕು, ನೆಟ್‌ವರ್ಕ್ ಕೈಕೊಟ್ಟರೆ ಆಧಾರ ಬೇಕಲ್ಲ!

ನಾನು: ಇಷ್ಟೆಲ್ಲ ಬರೆಯುವಾಗ ಮಕ್ಕಳನ್ನು ನೋಡುವವರು ಯಾರು?

ಪುಸ್ತಕ: ಆ ಪ್ರಶ್ನೆಗೆ ಕಾಲಂ ಇಲ್ಲ.

ನಾನು: ಅಮೆರಿಕದಲ್ಲಿ 1980ರಲ್ಲಿ ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ ಎಂಬಿಬ್ಬರು ಶಿಶು ಆರೈಕೆ ಕೇಂದ್ರಗಳಿಗಾಗಿ ಒಂದು ಮಾಪನ ರೂಪಿಸಿದರು. ಒಂದರಿಂದ ಏಳರವರೆಗೆ ಅಂಕ. ಪರೀಕ್ಷಕರು ಕಡೇಪಕ್ಷ ಮೂರು ಗಂಟೆ ಮೂಲೆಯಲ್ಲಿ ಕೂತು, ದೊಡ್ಡವರು ಮಕ್ಕಳ ಜೊತೆ ಹೇಗೆ ಮಾತಾಡುತ್ತಾರೆ, ಆಟಿಕೆ ಮಕ್ಕಳ ಕೈಗೆ ಎಟುಕುತ್ತದೆಯೇ, ಕೈ ತೊಳೆಸುತ್ತಾರೆಯೇ ಎಂದು ನೋಡಬೇಕು. 1998ರಲ್ಲಿ ಒಕ್ಲಹೋಮ ರಾಜ್ಯ ಕೇಂದ್ರಗಳಿಗೆ ಸ್ಟಾರ್ ಕೊಡುವ ಪದ್ಧತಿ ತಂತು. ಸ್ಟಾರ್ ಹೆಚ್ಚಾದಂತೆ ಸರ್ಕಾರ ಕೊಡುವ ಹಣವೂ ಹೆಚ್ಚು.

ಪುಸ್ತಕ: ಮೂರು ಗಂಟೆಯೇ! ನಮ್ಮಲ್ಲಿ ಜೀಪಿನ ಎಂಜಿನ್ ಆರಿಸುವುದೂ ಇಲ್ಲ ಸ್ವಾಮಿ. ಒಬ್ಬ ಮೇಲ್ವಿಚಾರಕಿಗೆ ಸುಮಾರು 25 ಕೇಂದ್ರ. ಸಭೆ, ವರದಿ, ತರಬೇತಿ ಕಳೆದು ಉಳಿದ ದಿನಗಳಲ್ಲಿ ಆಕೆ ಬಸ್ಸು ಹಿಡಿದು ಬರಬೇಕು. ಮೂರು ಗಂಟೆ ಕೂತರೆ ವಾಪಸ್ ಹೋಗುವ ಬಸ್ಸೇ ತಪ್ಪುತ್ತದೆ. ಇನ್ನು ನಿಮ್ಮ ಒಕ್ಲಹೋಮದ ಲೆಕ್ಕದಲ್ಲಿ ಎಡವಟ್ಟಿದೆ. ಚೆನ್ನಾಗಿರುವವರಿಗೆ ಹೆಚ್ಚು ಹಣ ಕೊಟ್ಟರೆ, ಹಣವಿಲ್ಲದ್ದರಿಂದಲೇ ಕೆಟ್ಟಿರುವವರ ಗತಿ?

ನಾನು: ಅಪರೂಪಕ್ಕೆ ಒಳ್ಳೆಯ ಪ್ರಶ್ನೆ ಕೇಳಿದಿರಿ. ಇಷ್ಟು ವರ್ಷ ಇಲ್ಲೇ ಇದ್ದೀರಲ್ಲ, ನಿಜಕ್ಕೂ ಗುಣಮಟ್ಟ ಅನ್ನಿಸಿದ್ದನ್ನು ಯಾವತ್ತಾದರೂ ಕಂಡಿದ್ದೀರಾ?

ಪುಸ್ತಕ: *(ದನಿ ತಗ್ಗಿಸಿ)* ಇದನ್ನು ಷರಾ ಅಂತ ಬರೆಯಬೇಡಿ. ಒಂದು ದಿನ ಟೀಚರ್ ನನ್ನನ್ನು ತೆರೆದಿಟ್ಟು ಏನೋ ಬರೆಯುತ್ತಿದ್ದರು. ನಾಲ್ಕು ವರ್ಷದ ಹುಡುಗಿ ಸೆರಗು ಎಳೆದು, “ಮಿಸ್, ಇರುವೆ ಅಕ್ಕಿ ಕಾಳು ಹೊತ್ಕೊಂಡ್ ಎಲ್ಗೋಗ್ತದೆ?” ಅಂದಳು. ಟೀಚರ್ ಪೆನ್ನಿಗೆ ಮುಚ್ಚಳ ಹಾಕಿ ನೆಲಕ್ಕೆ ಕೂತರು. “ನೀನೇ ನೋಡಿ ಹೇಳು” ಅಂದರು. ಹುಡುಗಿ ಸಾಲಿನ ಹಿಂದೆ ಅಂಬೆಗಾಲಿಟ್ಟಳು, ಉಳಿದವರೂ ಸೇರಿದರು. ಹೊಸ್ತಿಲು, ಗೋಡೆಯ ಬಿರುಕು, ಹೊರಗೆ ನುಗ್ಗೆಮರದ ಬುಡ. ದಾರಿಯುದ್ದಕ್ಕೂ ಟೀಚರ್ ಕೇಳುವುದು, ಮಕ್ಕಳು ಹೇಳುವುದು. ಎಷ್ಟು ಇರುವೆ, ಯಾರದು ದೊಡ್ಡ ಕಾಳು, ಮಳೆ ಬಂದರೆ ಏನು ಮಾಡುತ್ತವೆ. ಯಾವಾಗಲೂ ಬಾಯಿ ಬಿಡದ ಒಬ್ಬ ಹುಡುಗ ಅವತ್ತು “ಅದರಮ್ಮ ಒಳಗವ್ಳೆ” ಅಂದ.

ನಾನು: ಆ ಅಮೆರಿಕದ ಮಾಪನದಲ್ಲಾದರೆ ಇದಕ್ಕೆ ಒಳ್ಳೆಯ ಅಂಕ ಬರುತ್ತಿತ್ತು. ಇಲ್ಲಿ?

ಪುಸ್ತಕ: ಮಧ್ಯಾಹ್ನದ ಊಟದ ಫೋಟೊ ತಡವಾಗಿ ಹೋಯಿತು. ಮೌಖಿಕ ಎಚ್ಚರಿಕೆ ಬಂತು.

ನಾನು: ಆಕೆಗೆ ಸಂಬಳವಾದರೂ ಸರಿಯಾಗಿದೆಯೇ?

ಪುಸ್ತಕ: ಸಂಬಳ ಅನ್ನಬೇಡಿ, ಅದು ಗೌರವಧನ. ಕೆಲಸದ ಲೆಕ್ಕ ಕೇಳುವಾಗ ನೌಕರಳು, ದುಡ್ಡಿನ ಲೆಕ್ಕ ಬಂದಾಗ ಸ್ವಯಂಸೇವಕಿ. ಗ್ರಾಚ್ಯುಟಿಗೆ ಅಂಗನವಾಡಿ ಕಾರ್ಯಕರ್ತೆಯರೂ ಸಹಾಯಕಿಯರೂ ಅರ್ಹರು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಮಕ್ಕಳ ನಡುವೆ ಮತದಾರರ ಪಟ್ಟಿಯ ಕೆಲಸ ಬಂದರೆ ಅದನ್ನೂ ಗೌರವದಿಂದಲೇ ಮಾಡಬೇಕು.

ನಾನು: ನಿಮ್ಮ ಪುಟಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣುತ್ತಿದೆ. “ಸೂರು ಸೋರುತ್ತಿದ್ದು ಸರಿಪಡಿಸಲು ಸೂಚಿಸಲಾಯಿತು.”

ಪುಸ್ತಕ: ಮೂರು ಮಳೆಗಾಲ, ಮೂವರು ಅಧಿಕಾರಿಗಳು, ಮೂರು ಬಣ್ಣದ ಶಾಯಿ. ಮೂರನೆಯವರು ಬರೆದ ವಾರದಲ್ಲೇ ಸೂರಿನ ನೀರು ನನ್ನ ಮೇಲೆ ಬಿದ್ದು ಮೊದಲನೆಯವರ ಷರಾ ಅಳಿಸಿಹೋಯಿತು. ಹಾಗಾಗಿ ದಾಖಲೆಯ ಪ್ರಕಾರ ಎರಡೇ ಸಲ ಸೋರಿದೆ.

ನಾನು: ಸೂಚಿಸಿದ್ದು ಯಾರಿಗೆ?

ಪುಸ್ತಕ: ಟೀಚರಿಗೆ.

ನಾನು: ರಿಪೇರಿಗೆ ಹಣ ಮಂಜೂರು ಮಾಡುವ ಅಧಿಕಾರ ಆಕೆಗಿದೆಯೇ?

ಪುಸ್ತಕ: ಇಲ್ಲ. ಅದಿರುವುದು ಮೇಲಿನವರಿಗೆ. ಆದರೆ ಮೇಲಿನವರು ತಮಗೆ ತಾವೇ ಸೂಚಿಸಿಕೊಳ್ಳುವ ಪದ್ಧತಿ ಷರಾದಲ್ಲಿಲ್ಲ. ಸೂರಿನ ನೀರಿನ ಹಾಗೆ ಸೂಚನೆಯೂ ಕೆಳಕ್ಕೇ ಇಳಿಯುವುದು. ಕೊನೆಗೆ ತಿಂಗಳ ಸಭೆಯಲ್ಲಿ “ಹಿಂದುಳಿದ ಕೇಂದ್ರ” ಅಂತ ಎದ್ದು ನಿಲ್ಲಿಸಿದ್ದೂ ಆಕೆಯನ್ನೇ.

ನಾನು: ಅಂದರೆ ಅಂಕ ಕಡಿಮೆಯಾಗುವ ಕಾರಣ ಒಬ್ಬರ ಕೈಯಲ್ಲಿ, ಅಂಕ ಬೀಳುವುದು ಇನ್ನೊಬ್ಬರ ತಲೆ ಮೇಲೆ!

ಪುಸ್ತಕ: ಇದಕ್ಕೇ ಆಡಳಿತ ಅನ್ನೋದು. ನಿಮಗೆ ಅನುಭವ ಸಾಲದು.

ನಾನು: ಗುಣಮಟ್ಟ ನಿಜವಾಗಿ ಹೆಚ್ಚಬೇಕಾದರೆ ನಿಮ್ಮಲ್ಲೇ ಏನು ಬದಲಾಗಬೇಕು?

ಪುಸ್ತಕ: *(ಬಹಳ ಹೊತ್ತು ಯೋಚಿಸಿ)* ನನ್ನಲ್ಲಿ ಒಂದೇ ಒಂದು ಕಾಲಂ ಹೆಚ್ಚಿಗೆ ಗೆರೆ ಎಳೆಯಬಹುದು. “ಕಳೆದ ಭೇಟಿಯಲ್ಲಿ ಕಂಡ ಕೊರತೆಗೆ ಭೇಟಿ ನೀಡಿದವರು ಏನು ಮಾಡಿದರು?” ಅದನ್ನು ತುಂಬಿಸದೆ ಹೊಸ ಷರಾ ಬರೆಯುವಂತಿಲ್ಲ. ಸೂರಿಗೆ ಪತ್ರ ಹೋಯಿತೇ, ಬೇಳೆಗೆ ದುಡ್ಡು ಬಂತೇ, ಮುರಿದ ಆನೆಗೆ ಬದಲು ಆನೆ ಬಂತೇ. ಟೀಚರ್ ಮುಂದೆಯೇ ಬರೆದು ಸಹಿ ಮಾಡಬೇಕು. ಪಕ್ಕದಲ್ಲಿ ಒಬ್ಬ ತಾಯಿಯ ಹೆಬ್ಬೆಟ್ಟು.

ನಾನು: ಅದ್ಭುತ! ಹಾಗಾದರೆ ಈ ಸಲಹೆಯನ್ನು ಮೇಲಕ್ಕೆ ಕಳಿಸೋಣವೇ?

ಪುಸ್ತಕ: ಬೇಡ, ಬೇಡ! ಆ ಕಾಲಂ ಬಂದ ಮೇಲೆ ನನ್ನನ್ನು ಯಾರೂ ಮುಟ್ಟುವುದಿಲ್ಲ. ಮೂರು ತಿಂಗಳು ಸಹಿಯೇ ಬೀಳದೆ ಹೋದರೆ “ಭೇಟಿ ಪುಸ್ತಕ ನಿರ್ವಹಿಸಿಲ್ಲ” ಅಂತ ನೋಟಿಸ್ ಬರುತ್ತದೆ.

ನಾನು: ಬರಲಿ ಬಿಡಿ. ಭೇಟಿ ಕೊಡದ ಅಧಿಕಾರಿಗೆ ತಾನೆ?

ಪುಸ್ತಕ: ನಿಮಗೆ ಇಷ್ಟು ಹೊತ್ತು ಹೇಳಿದ್ದೆಲ್ಲ ದಂಡ. ಟೀಚರಿಗೆ ಸ್ವಾಮಿ, ಟೀಚರಿಗೆ!