ಮಂತ್ರಿ ಯಾರು, ಯಾಕುಜಾ ಯಾರು?

ನಮ್ಮ ಪಕ್ಕದ ಮನೆ ರಾಯರು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಮನುಷ್ಯರಲ್ಲಿ ಇರುವುದು ಎರಡೇ ಜಾತಿ ಎಂಬುದು ಅವರ ಸಿದ್ಧಾಂತ: ಕಂತು ಕಟ್ಟುವವರು, ಕಟ್ಟದವರು. ಬೆಳಿಗ್ಗೆ ಗಿಡಕ್ಕೆ ನೀರು ಬಿಡುವ ನೆಪದಲ್ಲಿ ಕಾಂಪೌಂಡ್ ಗೋಡೆಗೆ ಒರಗಿ ನಿಂತರೆಂದರೆ, ನೀರು ಬೀದಿಗೆ ಹರಿದುಹೋದರೂ ಮಾತು ನಿಲ್ಲುವುದಿಲ್ಲ. ಈಚೆಗೆ ಅವರ ಬಾಯಲ್ಲಿ ಬರೀ ಜಪಾನು. ಎಂಜಿನಿಯರಿಂಗ್ ಓದುವ ಮೊಮ್ಮಗ ರಜಕ್ಕೆ ಬಂದವನು, ಹಳೆ ಪುಸ್ತಕದಂಗಡಿಯಲ್ಲಿ ಕೊಂಡ ಒಂದು ಕಟ್ಟು ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಬಿಟ್ಟುಹೋಗಿದ್ದಾನೆ. ಚಿತ್ರ ನೋಡೋಣವೆಂದು ಕೂತ ರಾಯರು ಕಟ್ಟು ಮುಗಿಸಿಯೇ ಎದ್ದರು.

"ಮೇಷ್ಟ್ರೇ, ಇಬ್ಬರು ಹುಡುಗರು ಕಲ್ಲು-ಕಾಗದ-ಕತ್ತರಿ ಆಡಿ ತೀರ್ಮಾನ ಮಾಡ್ತಾರಲ್ರೀ, ಯಾರು ರಾಜಕಾರಣಿ ಆಗೋದು, ಯಾರು ರೌಡಿ ಆಗೋದು ಅಂತ! ನಾವಾಗಿದ್ರೆ ಗೆದ್ದವನಿಗೆ ಯಾವುದು, ಸೋತವನಿಗೆ ಯಾವುದು ಅನ್ನೋದರಲ್ಲೇ ಹೊಡೆದಾಟ ಆಗಿಬಿಡ್ತಿತ್ತು."

ಅದು 'ಸ್ಯಾಂಕ್ಚುಯರಿ'. ಕಥೆ ಶೋ ಫುಮಿಮುರ, ಚಿತ್ರ ರ್ಯೋಯಿಚಿ ಇಕೆಗಾಮಿ. 1990ರಿಂದ 1995ರವರೆಗೆ 'ಬಿಗ್ ಕಾಮಿಕ್ ಸುಪೀರಿಯರ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಆಮೇಲೆ ಜಪಾನಿಯಲ್ಲಿ 12 ಸಂಪುಟಗಳಾಯಿತು. ಈ ಫುಮಿಮುರನಿಗೆ ಬುರೊನ್ಸನ್ ಎಂಬ ಇನ್ನೊಂದು ಹೆಸರೂ ಇದೆ. ವಾಯುಪಡೆಯಲ್ಲಿ ಕೆಲಸ ಮಾಡಿ ಬಂದ ಈ ಮನುಷ್ಯ, ಆ ಹೆಸರಿನಲ್ಲಿ 'ಹೊಕುತೊ ನೊ ಕೆನ್' ಎಂಬ ಮಾಂಗಾ ಬರೆದು ಅದಾಗಲೇ ಮನೆಮಾತಾಗಿದ್ದ. ಇಕೆಗಾಮಿಯ ಗೆರೆಯೋ, ಒಬ್ಬೊಬ್ಬ ಕೊಲೆಗಡುಕನೂ ಸೂಟಿಂಗ್ಸ್ ಜಾಹೀರಾತಿನಿಂದ ಎದ್ದು ಬಂದವನ ಹಾಗೆ ಕಾಣಬೇಕು. ರಕ್ತವೂ ಬೆತ್ತಲೆಯೂ ಧಾರಾಳವಾಗಿರುವುದರಿಂದ ಹದಿನೆಂಟು ತುಂಬದವರ ಕೈಗೆ ಕೊಡುವ ಪುಸ್ತಕವಲ್ಲ.

ಕಥೆ ಇಷ್ಟು. ಅಕಿರ ಹೋಜೋ, ಚಿಯಾಕಿ ಅಸಾಮಿ ಎಂಬ ಇಬ್ಬರು ಜಪಾನಿ ಹುಡುಗರು ಕಾಂಬೋಡಿಯಾದಲ್ಲಿ ಸಿಕ್ಕಿಬೀಳುತ್ತಾರೆ. ಖಮೇರ್ ರೂಜ್ ಆಳ್ವಿಕೆ. ತಂದೆತಾಯಿ ಸತ್ತು, ಹೆಣಗಳ ನಡುವೆ ಬದುಕಿ ಉಳಿದು, ಹೇಗೋ ಊರಿಗೆ ಮರಳುತ್ತಾರೆ. ಬಂದು ನೋಡಿದರೆ ಜಪಾನಿನಲ್ಲಿ ಅನ್ನವಿದೆ, ದುಡ್ಡಿದೆ, ಜನರ ಕಣ್ಣಿನಲ್ಲಿ ಮಾತ್ರ ಜೀವವಿಲ್ಲ. ದೇಶವನ್ನು ಮುದುಕರ ಕೈಯಿಂದ ಕಿತ್ತುಕೊಂಡು ತಮಗೆ ಬೇಕಾದ ಹಾಗೆ ಕಟ್ಟಬೇಕೆಂದು ಇಬ್ಬರೂ ಪಣ ತೊಡುತ್ತಾರೆ. ಒಬ್ಬ ಬೆಳಕಿನ ದಾರಿ, ಇನ್ನೊಬ್ಬ ಕತ್ತಲ ದಾರಿ. ಹೋಜೋ ಯಾಕುಜಾ ಎಂಬ ರೌಡಿ ಲೋಕ ಸೇರುತ್ತಾನೆ. ಅಸಾಮಿ ಸಂಸತ್ ಸದಸ್ಯರೊಬ್ಬರ ಕಾರ್ಯದರ್ಶಿಯಾಗಿ ಶುರುಮಾಡಿ ಮೇಲೇರುತ್ತಾನೆ. ಅಡ್ಡ ನಿಲ್ಲುವವನು ಆಳುವ ಪಕ್ಷದ ಹಳೆ ಹುಲಿ ಇಸಾವೊಕ. ಹೋಜೋವಿನ ಬೆನ್ನು ಹತ್ತುವವಳು ಕ್ಯೋಕೊ ಇಶಿಹಾರ ಎಂಬ ಪೊಲೀಸ್ ಅಧಿಕಾರಿ. ಹಿಡಿಯಲು ಹೋದವಳು ಮನಸ್ಸು ಕೊಟ್ಟು ಬರುತ್ತಾಳೆ.

"ಎಲ್ಲಾ ಸರಿ," ಎಂದರು ರಾಯರು, "ಆದ್ರೆ ಇಷ್ಟೊಂದು ನಾಜೂಕಾದ ದೇಶದಲ್ಲಿ ಮಂತ್ರಿಗೂ ರೌಡಿಗೂ ಹೀಗೆ ಒಂದೇ ಲೋಟದಲ್ಲಿ ಕಾಫಿ ಕುಡಿಯೋಷ್ಟು ಸ್ನೇಹ ಇರುತ್ತಾ? ಕಟ್ಟುಕಥೆ ಅಂದ್ರೂ ಒಂದು ಮಿತಿ ಬೇಡ್ವೇ?"

ರಾಯರೇ, ಮಿತಿ ಇಟ್ಟುಕೊಂಡವರು ಕಥೆಗಾರರು. ಮಿತಿ ಮೀರಿದ್ದು ನಿಜವಾಗಿ ನಡೆದದ್ದು, ಎಂದು ನಾನು ಶುರುಮಾಡಿದೆ.

1987ರ ಮಾತು. ಪ್ರಧಾನಿ ನಕಸೊನೆಯ ನಂತರ ಯಾರು ಎಂಬ ಪ್ರಶ್ನೆ. ಲಿಬರಲ್ ಡೆಮಾಕ್ರಟಿಕ್ ಪಕ್ಷದಲ್ಲಿ ನೊಬೊರು ತಕೆಶಿತ ಮುಂದಿದ್ದರು. ಆಗ ಒಂದು ಪುಟ್ಟ ಬಲಪಂಥೀಯ ಗುಂಪು ಧ್ವನಿವರ್ಧಕ ಕಟ್ಟಿದ ವ್ಯಾನುಗಳನ್ನು ಟೋಕಿಯೋ ಬೀದಿಗೆ ಇಳಿಸಿತು. ಬೈಗುಳವಲ್ಲ, ಹೊಗಳಿಕೆ! ದುಡ್ಡು ಮಾಡುವುದರಲ್ಲಿ ದೇಶಕ್ಕೇ ನಂಬರ್ ಒನ್ ಆದ ತಕೆಶಿತ ಅವರನ್ನೇ ಪ್ರಧಾನಿ ಮಾಡೋಣ ಎಂದು ದಿನಗಟ್ಟಲೆ ಕೂಗಿದರು. ಬೈದರೆ ಕೇಸು ಹಾಕಬಹುದು, ಹೊಗಳಿದವನ ಮೇಲೆ ಏನೆಂದು ದೂರು ಕೊಡುವುದು?

ರಾಯರಿಗೆ ಇದು ತಕ್ಷಣ ಹಿಡಿಸಿತು. "ಮದುವೆ ಛತ್ರದಲ್ಲಿ ಯಾರೋ ಮೈಕ್ ಹಿಡ್ಕೊಂಡು, ನಮ್ಮ ವರ ಈಗ ಕುಡಿಯೋದು ಪೂರ್ತಿ ಬಿಟ್ಟಿದ್ದಾನೆ, ಎಲ್ಲರೂ ಚಪ್ಪಾಳೆ ತಟ್ಟಿ ಅಂದ ಹಾಗೆ!"

ಥೇಟ್ ಹಾಗೇ. ಪಕ್ಷದ ದೊಡ್ಡ ಕುಳ ಶಿನ್ ಕನೆಮಾರು ಚಿಂತೆಗೆ ಬಿದ್ದರು. ಅವರ ಅಳಲು ಸಗಾವಾ ಕ್ಯೂಬಿನ್ ಎಂಬ ಪಾರ್ಸೆಲ್ ಸಾಗಣೆ ಕಂಪನಿಯ ಟೋಕಿಯೋ ಘಟಕದ ಮುಖ್ಯಸ್ಥನಿಗೆ ಮುಟ್ಟಿತು. ಅವನು ಹೋಗಿ ಕಂಡದ್ದು ಇನಾಗಾವಾ-ಕಾಯ್ ಎಂಬ ಯಾಕುಜಾ ಕೂಟದ ಮುಖಂಡ ಸುಸುಮು ಇಶಿಯಿಯನ್ನು. ಇಶಿಯಿ ಮಾತಾಡಿದ. ವ್ಯಾನಿನವರು ಒಂದು ಷರತ್ತು ಹಾಕಿದರು: ತಕೆಶಿತ ತಾವು ಯಾರ ಬಣ ಒಡೆದು ಬಂದಿದ್ದರೋ ಆ ಹಳೆಯ ಗುರು, ಮಾಜಿ ಪ್ರಧಾನಿ ಕಾಕುಯೆ ತನಾಕಾ ಅವರ ಮನೆಗೆ ಹೋಗಿ ತಲೆ ಬಾಗಬೇಕು. ತಕೆಶಿತ ಹೋದರು. ತನಾಕಾ ಮನೆಯವರು ಗೇಟಿನಿಂದಲೇ ವಾಪಸು ಕಳಿಸಿದರು. ಆದರೂ ಷರತ್ತು ಪೂರೈಸಿದಂತಾಯಿತು, ವ್ಯಾನುಗಳು ಮಾಯವಾದವು, ನವೆಂಬರಿನಲ್ಲಿ ತಕೆಶಿತ ಪ್ರಧಾನಿಯಾದರು.

ಕತೆ ಹೊರಬಿದ್ದದ್ದು 1992ರಲ್ಲಿ. ಸಗಾವಾ ಕ್ಯೂಬಿನ್‌ನಿಂದ ಕನೆಮಾರು 50 ಕೋಟಿ ಯೆನ್ ಪಡೆದಿದ್ದರೆಂದು ಬಯಲಾಯಿತು. ಅವರಿಗೆ ಬಿದ್ದ ದಂಡ 2 ಲಕ್ಷ ಯೆನ್. ಕಾನೂನಿನಲ್ಲಿದ್ದ ಗರಿಷ್ಠ ದಂಡವೇ ಅಷ್ಟು! ಸಿಟ್ಟಿಗೆದ್ದ ಒಬ್ಬಾತ ಪ್ರಾಸಿಕ್ಯೂಟರ್ ಕಚೇರಿಯ ಫಲಕಕ್ಕೇ ಬಣ್ಣ ಎರಚಿದ. ಕನೆಮಾರು ಸಂಸತ್ತಿಗೆ ರಾಜೀನಾಮೆ ಕೊಟ್ಟರು. ಮರುವರ್ಷ ಮಾರ್ಚಿನಲ್ಲಿ ತೆರಿಗೆ ತಪ್ಪಿಸಿದ ಆರೋಪದ ಮೇಲೆ ಬಂಧಿಸಿ ಶೋಧಿಸಿದಾಗ ಚಿನ್ನದ ಗಟ್ಟಿಗಳೂ ಸಿಕ್ಕವು. 1993ರ ಆಗಸ್ಟಿನಲ್ಲಿ, 1955ರಿಂದ ಒಂದೇ ಸಮನೆ ಆಳಿದ್ದ ಪಕ್ಷ ಮೊದಲ ಬಾರಿ ಕುರ್ಚಿ ಬಿಟ್ಟಿಳಿಯಿತು. ಸ್ವಚ್ಛ ರಾಜಕಾರಣದ ಮಾತಾಡಿ ಪ್ರಧಾನಿಯಾದ ಮೊರಿಹಿರೊ ಹೊಸೊಕಾವ ಮರುವರ್ಷ ಏಪ್ರಿಲಿನಲ್ಲಿ ರಾಜೀನಾಮೆ ಕೊಟ್ಟರು. ಕಾರಣ, ಹಿಂದೊಮ್ಮೆ ಪಡೆದಿದ್ದ ಸಾಲದ ವಿವಾದ. ಸಾಲ ಕೊಟ್ಟವರು ಅದೇ ಸಗಾವಾ ಕ್ಯೂಬಿನ್!

ಇದೆಲ್ಲ ನಡೆಯುತ್ತಿದ್ದಾಗ 'ಸ್ಯಾಂಕ್ಚುಯರಿ' ಕಂತು ಕಂತಾಗಿ ಅಂಗಡಿಗೆ ಬರುತ್ತಲೇ ಇತ್ತು. ಟೋಕಿಯೋದ ಗುಮಾಸ್ತನೊಬ್ಬ ರೈಲಿನಲ್ಲಿ ಒಂದು ಕೈಯಲ್ಲಿ ದಿನಪತ್ರಿಕೆ, ಇನ್ನೊಂದರಲ್ಲಿ ಮಾಂಗಾ ಹಿಡಿದಿದ್ದರೆ ಎರಡರಲ್ಲೂ ಒಂದೇ ಸುದ್ದಿ. ಒಂದೇ ವ್ಯತ್ಯಾಸವೆಂದರೆ ಮಾಂಗಾದಲ್ಲಿ ಎಲ್ಲರಿಗೂ ತಲೆತುಂಬ ಕೂದಲಿತ್ತು.

"ಈ ತನಾಕಾ ಅಂದ್ರೆ ಲಾಕ್‌ಹೀಡ್ ಹಗರಣದವನೇ?" ಎಂದರು ರಾಯರು. ಹೌದು, 1976ರಲ್ಲಿ ಬಂಧನಕ್ಕೊಳಗಾದವರು. ಅಮೆರಿಕದ ಆ ಕಂಪನಿಯಿಂದ ವಿಮಾನ ಕೊಳ್ಳುವ ವ್ಯವಹಾರದಲ್ಲಿ ಅವರ ಮೇಲಿದ್ದ ಲಂಚದ ಆರೋಪವೂ 50 ಕೋಟಿ ಯೆನ್.

"ಆಗಲೂ ಐವತ್ತು, ಆಮೇಲೂ ಐವತ್ತು! ಇಷ್ಟು ವರ್ಷದಲ್ಲಿ ದರ ಏರಿಲ್ಲ ಅಂದ್ರೆ ಬಡ್ಡಿ ಲೆಕ್ಕದಲ್ಲಿ ಲಂಚ ಇಳಿದ ಹಾಗೇ ಆಯ್ತಲ್ರೀ."

ಬ್ಯಾಂಕಿನವರ ಬುದ್ಧಿ ಅಂದರೆ ಇದು. ಆ ಹಗರಣದಲ್ಲಿ ಲಾಕ್‌ಹೀಡ್‌ನ ಗುಟ್ಟಿನ ಏಜೆಂಟನಾಗಿದ್ದವನು ಯೋಶಿಯೋ ಕೊದಾಮ. ಯುದ್ಧಾಪರಾಧದ ಶಂಕೆಯಲ್ಲಿ ಸುಗಾಮೊ ಜೈಲಿನಲ್ಲಿದ್ದು, 1948ರಲ್ಲಿ ಹೊರಬಂದು, ಪಕ್ಷಕ್ಕೆ ಹಣ ಕೊಡುವವನೂ ಯಾಕುಜಾ ಮುಖಂಡರನ್ನು ಒಂದುಗೂಡಿಸುವವನೂ ಆಗಿ ತೆರೆಯ ಹಿಂದೆ ಕೂತ ಆಸಾಮಿ. 1960ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಬರುತ್ತಾರೆಂದು, ಪ್ರತಿಭಟನೆಗಾರರನ್ನು ತಡೆಯಲು ಯಾಕುಜಾ ಪಡೆಯನ್ನೇ ಅಣಿ ಮಾಡಿದವನು. ಕೊನೆಗೆ ಆ ಭೇಟಿಯೇ ರದ್ದಾಯಿತು. ಲಾಕ್‌ಹೀಡ್ ಸುದ್ದಿ ಬಂದಾಗ, ಅವನ ಅಭಿಮಾನಿಯೇ ಆಗಿದ್ದ ಒಬ್ಬ ನೀಲಿಚಿತ್ರಗಳ ನಟ ಪುಟ್ಟ ವಿಮಾನ ಹಾರಿಸಿಕೊಂಡು ಬಂದು ಕೊದಾಮನ ಮನೆಗೇ ಗುದ್ದಿ ಸತ್ತ. ಬುರೊನ್ಸನ್ ಇದನ್ನು ಬರೆದು ಕೊಟ್ಟಿದ್ದರೆ, ಸ್ವಲ್ಪ ಜಾಸ್ತಿಯಾಯಿತು ಎಂದು ಸಂಪಾದಕರು ತಿದ್ದುತ್ತಿದ್ದರೇನೋ!

ಇನ್ನೂ ಹಿಂದಕ್ಕೆ ಹೋದರೆ ಮಧ್ಯವರ್ತಿಯೂ ಬೇಕಿಲ್ಲ. ಕ್ಯೂಷುವಿನ ಕಲ್ಲಿದ್ದಲ ಬಂದರು ವಕಮತ್ಸುವನ್ನು ಅಂಗೈಯಲ್ಲಿಟ್ಟುಕೊಂಡಿದ್ದ ದಾದಾ ಇಸೊಕಿಚಿ ಯೋಶಿದ 1915ರಲ್ಲಿ ತಾನೇ ಸಂಸತ್ತಿಗೆ ಆರಿಸಿ ಬಂದ. ಮೈಮೇಲೆ ಹಚ್ಚೆ ಹೊತ್ತ ಮತಾಜಿರೊ ಕೊಯಿಝುಮಿ 1929ರಲ್ಲಿ ಸಂಪರ್ಕ ಖಾತೆಯ ಮಂತ್ರಿಯಾದರು. ಜನ ಅವರನ್ನು ಹಚ್ಚೆ ಮಂತ್ರಿ ಎಂದೇ ಕರೆದರು. 2001ರಲ್ಲಿ ಪ್ರಧಾನಿಯಾದ ಜುನಿಚಿರೊ ಕೊಯಿಝುಮಿ ಅವರ ಮೊಮ್ಮಗ.

"ಸರಿ, ರೌಡಿಗೆ ರಾಜಕಾರಣಿ ಬೇಕು, ಅದು ಗೊತ್ತಾಗುತ್ತೆ. ರಾಜಕಾರಣಿಗೆ ರೌಡಿ ಯಾಕೆ ಬೇಕಾಯ್ತು?" ರಾಯರು ನೀರಿನ ಪೈಪನ್ನು ಪೂರ್ತಿ ಕೆಳಗೆ ಹಾಕಿದರು.

ಒಂದು ದೊಡ್ಡ ಕಾರಣ ಚುನಾವಣೆಯ ಲೆಕ್ಕ. 1993ರ ಚುನಾವಣೆಯವರೆಗೂ ಜಪಾನಿನ ಕೆಳಮನೆಗೆ ಒಂದೊಂದು ಕ್ಷೇತ್ರದಿಂದ ಸಾಮಾನ್ಯವಾಗಿ ಮೂರರಿಂದ ಐದು ಜನ ಆರಿಸಿ ಬರುತ್ತಿದ್ದರು. ಮತದಾರನಿಗೆ ಇದ್ದದ್ದು ಒಂದೇ ಮತ. ಬಹುಮತ ಬೇಕಾದರೆ ಆಳುವ ಪಕ್ಷ ಒಂದೇ ಕ್ಷೇತ್ರದಲ್ಲಿ ತನ್ನವರನ್ನೇ ಇಬ್ಬರನ್ನೋ ಮೂವರನ್ನೋ ನಿಲ್ಲಿಸಬೇಕು. ಆಗ ನಿಮ್ಮ ಶತ್ರು ವಿರೋಧ ಪಕ್ಷದವನಲ್ಲ, ನಿಮ್ಮದೇ ಪಕ್ಷದ ಪಕ್ಕದವನು. ಇಬ್ಬರ ಪ್ರಣಾಳಿಕೆಯೂ ಒಂದೇ, ಬಾವುಟವೂ ಒಂದೇ. ಮತ್ತೆ ಯಾವುದರಲ್ಲಿ ಪೈಪೋಟಿ? ಮದುವೆಗೆ ಹೋಗಿ ಮುಯ್ಯಿ ಕೊಡುವುದರಲ್ಲಿ, ಸಾವಿನ ಮನೆಗೆ ಹಣ ಕಳಿಸುವುದರಲ್ಲಿ, ಊರೂರಿಗೆ ಸ್ವಂತ ಅಭಿಮಾನಿ ಸಂಘ ಸಾಕುವುದರಲ್ಲಿ. ಇದಕ್ಕೆಲ್ಲ ಹಣ ಬೇಕು. ಹಣ ಕೊಡುವವನ ಹಿಂದೆ ಯಾರಿದ್ದಾರೆಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. 1994ರಲ್ಲಿ ಈ ಪದ್ಧತಿ ಬದಲಿಸಿ, 300 ಏಕಸದಸ್ಯ ಕ್ಷೇತ್ರ, 200 ಪಕ್ಷವಾರು ಸ್ಥಾನ ಎಂದು ಹಂಚಿದರು.

'ಸ್ಯಾಂಕ್ಚುಯರಿ'ಯ ಮೇಲೆ ನನಗಿರುವ ತಕರಾರು ಇಲ್ಲೇ ಹುಟ್ಟುವುದು. ಮಂತ್ರಿಮಹಲಿಗೂ ಯಾಕುಜಾ ಕಚೇರಿಗೂ ನಡುವೆ ಇರುವುದು ಒಂದೇ ಗೋಡೆ ಎಂದು ಬುರೊನ್ಸನ್ ಕಂಡದ್ದು ನಿಜ. ಆದರೆ ಆ ಗೋಡೆಯಲ್ಲಿ ಬಾಗಿಲು ಕೊರೆದದ್ದು ಕನಸು ಎಂದು ಬರೆದರು. ಹಾಗಲ್ಲ, ಬಾಗಿಲು ಕೊರೆದದ್ದು ಅಂಜಿಕೆ. ವ್ಯಾನು ಕೂಗುತ್ತದೆ, ಮಾನ ಹೋಗುತ್ತದೆ, ಯಾರಾದರೂ ಸುಮ್ಮನಾಗಿಸಿ ಎಂಬ ಮುದುಕರ ದಿಗಿಲು. ಯಾಕುಜಾ ಮಾರಿದ್ದು ಮೌನವನ್ನು. ದೇಶ ಕಟ್ಟುವ ಆಸೆ ಆ ವ್ಯಾಪಾರದ ಎರಡೂ ಕಡೆ ಯಾರಿಗೂ ಇರಲಿಲ್ಲ. ಹೋಜೋ ಗುಟ್ಟು ಹಿಡಿದು ಬೆದರಿಸಿ ಅಸಾಮಿಗೆ ದಾರಿ ಮಾಡಿಕೊಡುವ ಪುಟಗಳಲ್ಲಿ ನಾವು ಮೈಮರೆತು ಹಾಳೆ ಮಗುಚುತ್ತೇವೆ. ಅದೇ ಕೆಲಸವನ್ನು ಇಸಾವೊಕ ಮಾಡಿದರೆ ಛೀ ಅನ್ನುತ್ತೇವೆ. ಇಬ್ಬರ ನಡುವೆ ಇರುವುದು ವಯಸ್ಸು ಮತ್ತು ಇಕೆಗಾಮಿಯ ಕುಂಚ, ಅಷ್ಟೇ. ಅಷ್ಟು ಸಂಪುಟಗಳಲ್ಲಿ ಮತದಾರನಿಗೆ ಸಿಗುವುದು ಚಪ್ಪಾಳೆ ತಟ್ಟುವ ಗುಂಪಿನ ಪಾತ್ರ.

"ಅಯ್ಯೋ, ಬಿಡಿ ಮೇಷ್ಟ್ರೇ, ಕಾಂಬೋಡಿಯಾದಲ್ಲಿ ಅಷ್ಟು ಕಷ್ಟ ಪಟ್ಟು ಬಂದ ಮಕ್ಕಳು," ಎಂದು ರಾಯರು ಅವರ ಪರ ವಕಾಲತ್ತು ಹಿಡಿದರು. "ಅಂಥವರಿಗೆ ಸ್ವಲ್ಪ ರಿಯಾಯಿತಿ ಕೊಡಬೇಕು." ಜೀವನವಿಡೀ ಒಂದು ರೂಪಾಯಿ ಬಡ್ಡಿ ಬಿಡದ ಮನುಷ್ಯ ಎರಡು ಚಿತ್ರದ ಗೊಂಬೆಗಳಿಗೆ ಸಾಲಮನ್ನಾ ಮಾಡಿಬಿಟ್ಟರು ನೋಡಿ! ಆ ಪುಸ್ತಕದ ಶಕ್ತಿ ಅದು.

ಹಾಗಾದರೆ ಜಪಾನಿನಲ್ಲಿ ಯಾಕುಜಾಗಳ ಸೊಕ್ಕು ಮುರಿದವರು ಯಾರು? ಕಥಾನಾಯಕರು ಯಾರೂ ಅಲ್ಲ, ರಾಯರ ಕುಲಬಾಂಧವರು. 1992ರಲ್ಲಿ ಜಾರಿಗೆ ಬಂದ ಕಾಯಿದೆ ಕೂಟಗಳನ್ನು ಹೆಸರಿಸಿ ಪಟ್ಟಿ ಮಾಡಿತು. 2011ರ ಅಕ್ಟೋಬರ್ ಹೊತ್ತಿಗೆ 47 ಪ್ರಾಂತಗಳಲ್ಲೂ ಬಂದ ನಿಯಮಗಳು ಇನ್ನೂ ಸಪ್ಪೆ, ಆದರೆ ಇನ್ನೂ ಬಿಗಿ: ಯಾಕುಜಾಗಳ ಜೊತೆ ವ್ಯವಹಾರ ಮಾಡುವವನೇ ಉತ್ತರ ಕೊಡಬೇಕು. ಅದರೊಂದಿಗೆ ಬ್ಯಾಂಕು ಖಾತೆ ತೆರೆಯಲಿಲ್ಲ, ಮನೆ ಬಾಡಿಗೆಗೆ ಸಿಗಲಿಲ್ಲ, ಮೊಬೈಲ್ ಕೂಡ ಸಿಗಲಿಲ್ಲ. ಕೂಟ ಬಿಟ್ಟರೂ ಐದು ವರ್ಷ ಹಳೆಯ ಲೆಕ್ಕವೇ ಬೆನ್ನಿಗಿರುತ್ತದೆ. 1960ರ ದಶಕದ ಆರಂಭದಲ್ಲಿ 1,80,000 ದಾಟಿದ್ದ ಯಾಕುಜಾಗಳು ಈಗ 20,000ಕ್ಕೂ ಕಡಿಮೆ, ಅವರಲ್ಲೂ ಬಹಳಷ್ಟು ಮಂದಿ ವಯಸ್ಸಾದವರು.

ರಾಯರ ಎದೆ ಉಬ್ಬಿತು. "ನಾನು ಅವತ್ತಿಂದ ಹೇಳ್ತಾ ಇದೀನಿ, ಕೆವೈಸಿ ಸರಿಯಾಗಿ ಮಾಡಿದ್ರೆ ಪೊಲೀಸೇ ಬೇಡ ಅಂತ!"

ಮಾಂಗಾ ಇದನ್ನೂ ಬಿಡಲಿಲ್ಲ. 2018ರಲ್ಲಿ ಕೊಸುಕೆ ಓನೊ ಶುರುಮಾಡಿದ 'ದಿ ವೇ ಆಫ್ ದಿ ಹೌಸ್‌ಹಸ್ಬೆಂಡ್' ನೋಡಿ. ಒಂದು ಕಾಲಕ್ಕೆ ಎದುರಾಳಿಗಳ ಎದೆ ನಡುಗಿಸಿದ್ದ ಯಾಕುಜಾ ತತ್ಸು ಈಗ ಏಪ್ರನ್ ಕಟ್ಟಿಕೊಂಡು ದುಡಿಯುವ ಹೆಂಡತಿಗೆ ಡಬ್ಬಿ ಕಟ್ಟುತ್ತಾನೆ, ರಿಯಾಯಿತಿ ಮಾರಾಟಕ್ಕೆ ಓಡುತ್ತಾನೆ. 1990ರ ಯಾಕುಜಾಗೆ ಪ್ರಧಾನಿಯ ಕುರ್ಚಿಯ ಮೇಲೆ ಕಣ್ಣು, 2018ರವನಿಗೆ ತರಕಾರಿಯ ಬೆಲೆಯ ಮೇಲೆ. ಜಪಾನಿನ ಈ ಮೂವತ್ತು ವರ್ಷದ ಚರಿತ್ರೆ ಬೇಕಾದವರು ದಪ್ಪ ಗ್ರಂಥ ಹುಡುಕಬೇಕಿಲ್ಲ, ಈ ಎರಡು ಮಾಂಗಾ ಅಕ್ಕಪಕ್ಕ ಇಟ್ಟು ಓದಿದರೆ ಮುಕ್ಕಾಲು ಪಾಲು ತಿಳಿಯುತ್ತದೆ.

ಹಾಗಾಗಿ 'ಸ್ಯಾಂಕ್ಚುಯರಿ' ಕೈಗೆ ಸಿಕ್ಕರೆ ಖಂಡಿತ ಓದಿ. ರಾತ್ರಿ ಊಟ ಮುಗಿಸಿ ಕೂತರೆ ಬೆಳಗಾಗುವುದು ತಿಳಿಯುವುದಿಲ್ಲ. ಹೋಜೋವಿನ ಕೋಟನ್ನು ಮನಸಾರೆ ಮೆಚ್ಚಿಕೊಳ್ಳಿ, ಅಡ್ಡಿಯಿಲ್ಲ. ಅವನ ಗೆಳೆಯ ಮತ ಕೇಳಿಕೊಂಡು ಬಂದರೆ ಮಾತ್ರ, ಚುನಾವಣೆಗೆ ದುಡ್ಡು ಕೊಟ್ಟವರು ಯಾರು ಎಂದು ಮೊದಲು ಕೇಳಿ.