ಎಲ್ಲಾ ನಮ್ಮ ಮಂದೀರಿ!

ಹಲಬರ್ಗಾದಲ್ಲಿ ನಮ್ಮೂರ ಗಾಡಿ ಮಾಲಕನಷ್ಟು ದೊಡ್ಡ ಬಳಗ ಇನ್ನೊಬ್ಬರಿಗಿಲ್ಲ. ಅವನ ಏಳು ಸೀಟಿನ ಗಾಡಿಗೆ ಕೆಎ-39ರ ಬಿಳಿ ಬೋರ್ಡು. ಐತವಾರ ಬಂತೆಂದರೆ ಹನ್ನೊಂದು ಮಂದಿ ಅದರಲ್ಲಿ ತುಂಬಿಕೊಂಡು ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಹೊರಡುತ್ತಾರೆ. ಹತ್ತುವಾಗ ಅವರೆಲ್ಲ ಸವಾರಿ. ದಾರಿಯಲ್ಲಿ ಖಾಕಿ ಕಂಡ ಕೂಡಲೇ ನೆಂಟರು.

"ಎಲ್ಲಾ ನಮ್ಮ ಮಂದೀರಿ ಸಾಹೇಬ್ರ. ಇಕಿ ನಮ್ಮತ್ತಿ, ಇಂವ ಅಳಿಯ, ಹಿಂದ ಕುಂತವ್ರು ಬೀಗರು."

ತಾನು ಅತ್ತೆಯಾದದ್ದು ಆ ಮುದುಕಿಗೆ ಗೊತ್ತಾಗುವುದೇ ಆಗ. ಸೆರಗು ಎಳೆದುಕೊಂಡು ಹೂಂ ಅನ್ನುತ್ತಾಳೆ. ಗಾಡಿ ಒಂದು ತಿರುವು ದಾಟಿದ್ದೇ ತಡ, ಅವಳ ಕಡೆಗೇ ತಿರುಗಿ, "ಮಾವಶಿ, ಚಿಲ್ಲರ್ ಕೊಡ್ರಿ" ಎನ್ನುತ್ತಾನೆ.

ವಿಮೆ ಕಾಗದ ಇಲ್ಲವೆಂದಲ್ಲ. ಸ್ಟೇರಿಂಗ್ ಪಕ್ಕದ ಡಬ್ಬಿಯಲ್ಲಿ ಮಲ್ಲಣ್ಣನ ಭಂಡಾರದ ಪುಡಿಕೆಯ ಕೆಳಗೆ ಮಡಚಿಟ್ಟಿದ್ದಾನೆ. ಅರಿಶಿನ ಹತ್ತಿ ಬೋರ್ಡಿಗಿಂತ ಮೊದಲು ಅದೇ ಹಳದಿಯಾಗಿದೆ. ಅದರಲ್ಲಿ ಅವನು ಓದಿದ್ದು ಮುಗಿಯುವ ತಾರೀಖು ಮತ್ತು ಕಟ್ಟಿದ ರೊಕ್ಕ. ನಡುವೆ ಬಳಕೆಯ ಮಿತಿ ಅಂತ ಒಂದು ಸಾಲಿದೆ: ಬಾಡಿಗೆಗೆ ಓಡಿಸಿದರೆ, ಸ್ವಂತ ಲಗೇಜು ಮತ್ತು ಸ್ಯಾಂಪಲ್ ಬಿಟ್ಟು ಬೇರೆ ಮಾಲು ಹೇರಿದರೆ, ರೇಸಿಗೆ ಬಿಟ್ಟರೆ ಈ ಪಾಲಿಸಿ ನಡೆಯದು. ನಾನೇ ಓದಿ ಹೇಳಿದೆ. "ರೇಸಂತೂ ನಾ ಓಡ್ಸಲ್ರಿ" ಅಂದ, ಹಿಂದಿನ ಸೀಟು ಮಡಚಿ ಯಾರದೋ ಸೋಯಾ ಚೀಲ ಹೇರುತ್ತ.

ಹಳದಿ ಬೋರ್ಡು ಮಾಡಿಸಪ್ಪಾ ಎಂದರೆ ಪರ್ಮಿಟ್ಟು, ಫಿಟ್‌ನೆಸ್ಸು, ಟ್ಯಾಕ್ಸು, ಹೆಚ್ಚಿನ ವಿಮೆ ಕಂತು ಎಂದು ಬೆರಳು ಮಡಚುತ್ತಾನೆ. ಪರ್ಮಿಟ್ಟಿಲ್ಲದೆ ಓಡಿಸಿದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಎಂದು 2019ರ ತಿದ್ದುಪಡಿ ಹೇಳುತ್ತದೆ. ಅದಕ್ಕೆ ಮಡಚಲು ಬೆರಳು ಉಳಿದಿರುವುದಿಲ್ಲ.

ಹಾಗಂತ ಕಾನೂನು ತಿಳಿಯದವನಲ್ಲ. 2010ರ ಅಮಲೇಂದು ಸಾಹು ಕೇಸು ಅವನಿಗೆ ಬಾಯಿಪಾಠ. ಬಾಡಿಗೆಗೆ ಹೋಗಿದ್ದ ಖಾಸಗಿ ಗಾಡಿ ಜಖಂ ಆಯಿತು, ವಿಮೆಯವರು ಕ್ಲೇಮು ತಳ್ಳಿಹಾಕಿದರು. ಪೂರಾ ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 2,50,000 ರೂಪಾಯಿ ಕೊಡಿಸಿತು. "ನೋಡ್ರಿ, ಸುಪ್ರೀಂ ಕೋರ್ಟೇ ಕೊಡ್ರಿ ಅಂದದ!" ಅಷ್ಟು ರೊಕ್ಕಕ್ಕೆ ಆ ಮನುಷ್ಯ ದಿಲ್ಲಿಯವರೆಗೆ ಹೋಗಬೇಕಾಯಿತು ಎಂಬುದು ಮಾತ್ರ ಬಾಯಿಪಾಠದಲ್ಲಿಲ್ಲ.

ಒಂದು ದಿನ ಗಾಡಿ ತಗ್ಗಿಗೆ ಇಳಿಯಿತು ಅನ್ನಿ. ದವಾಖಾನೆಯ ಮಂಚದ ಮೇಲಿಂದ ಅತ್ತೆ ಪೊಲೀಸರಿಗೆ ಜಬಾಬು ಕೊಡುತ್ತಾಳೆ: "ಇಂವ ಯಾರೋ ಏನೋ ಯಪ್ಪಾ, ಐವತ್ತು ರೂಪಾಯಿ ತಗೊಂಡು ಕುಂದ್ರಿಸಿದ್ದ." ಅಳಿಯನೂ ಹೌದೆನ್ನುತ್ತಾನೆ. ಬೀಗತನ ಅಲ್ಲಿಗೇ ಮುರಿಯಿತು. ಆ ಜಬಾಬಿನ ನಕಲು ವಿಮೆಯವರ ಕೈ ಸೇರಿದರೆ ಗಾಡಿ ರಿಪೇರಿಯ ರೊಕ್ಕಕ್ಕೆ ಕತ್ತರಿ. ಗಾಯವಾದವರ ಪರಿಹಾರವನ್ನು ಕೋರ್ಟು ಹೇಳಿತೆಂದು ಕಂಪನಿ ಮೊದಲು ಕಟ್ಟಿದರೂ, ಆಮೇಲೆ ಮಾಲಕನಿಂದ ವಸೂಲಿ ಮಾಡಲು ದಾರಿಯಿದೆ. ತೊಗರಿ ಹೊಲದ ಪಹಣಿ ಪೆಟ್ಟಿಗೆಯಿಂದ ಹೊರಬರುವುದು ಆವಾಗಲೇ.

ಮಲ್ಲಣ್ಣನಿಗೆ ಹೋಗುವವರು ರೊಕ್ಕ ಕೊಟ್ಟು ಹತ್ತುವುದಾದರೆ ಹಳದಿ ಬೋರ್ಡು ನೋಡಿ ಹತ್ತಿರಿ. ಸಿಗದಿದ್ದರೆ ಹಲಬರ್ಗಾದಲ್ಲೂ ಖಾನಾಪುರದಲ್ಲೂ ರೈಲು ಸ್ಟೇಷನ್ ಇದೆ. ಅಲ್ಲಿ ಯಾರೂ ನಿಮ್ಮನ್ನು ಅತ್ತೆ ಎನ್ನುವುದಿಲ್ಲ, ಟಿಕೆಟ್ ಕೇಳುತ್ತಾರೆ.