ಎರಡು ಕೂದಲೆಳೆ ಜಾಗ

ಷಿಕಾಗೋದ ಪಶ್ಚಿಮಕ್ಕಿರುವ ಲಿಸ್ಲ್‌ನಲ್ಲಿ ಕನ್ನಡಿಗರ ಗ್ಯಾರೇಜು ಎಂದರೆ ಸೋನಾಮಸೂರಿ ಮೂಟೆ, ದಸರಾ ಗೊಂಬೆಗಳ ಪೆಟ್ಟಿಗೆ, ಮಕ್ಕಳ ಸೈಕಲ್ಲು. ಮೈಸೂರು ಕಡೆಯ ಒಬ್ಬ ಇಂಜಿನಿಯರ್ ಸಾಹೇಬರ ಗ್ಯಾರೇಜಿನಲ್ಲಿ ಮಾತ್ರ ಚಕ್ರ ಕಳಚಿಕೊಂಡ ಹಳೆಯ ಸ್ಕೌಟ್ ಜೀಪು ನಿಂತಿದೆ. ಊರಿಗೆ ತಕ್ಕ ಹುಚ್ಚೇ ಅನ್ನಿ. 1960ರ ಕೊನೆಯಿಂದ 1980ರವರೆಗೆ ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ಸ್ಕೌಟ್ ತಯಾರಿಸಿದ್ದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್. ಅದರ ವಾರಸುದಾರ ಕಂಪನಿಯ ಕೇಂದ್ರ ಕಚೇರಿ ಇದೇ ಲಿಸ್ಲ್‌ನಲ್ಲಿದೆ. ಅಲ್ಲೀಗ ಬರೀ ಲಾರಿ, ಬಸ್ಸುಗಳ ಮಾತು. ಸ್ಕೌಟ್ ಎಂಬ ಹೆಸರು ಫೋಕ್ಸ್‌ವ್ಯಾಗನ್ ಪಾಲಾಗಿದೆ.

ಬಂಡೆ ಹತ್ತಿ ಹಳ್ಳ ಇಳಿಯಲೆಂದೇ ಹುಟ್ಟಿದ ಈ ಗಾಡಿಯ ಡಾನಾ 44 ಆಕ್ಸಲ್ ಎತ್ತಲು ಇಬ್ಬರು ಗಟ್ಟಿಗರು ಬೇಕು. ಆದರೆ ಅದರೊಳಗೆ ಕ್ರೌನ್ ಮತ್ತು ಪಿನಿಯನ್ ಎಂಬ ಎರಡು ಗಿಯರುಗಳ ಹಲ್ಲುಗಳ ನಡುವೆ ಬಿಡಬೇಕಾದ ಆಟ ಸುಮಾರು 0.13ರಿಂದ 0.23 ಮಿಲಿಮೀಟರ್. ಎರಡು ಮೂರು ಕೂದಲೆಳೆ! ಕಡಿಮೆಯಾದರೆ ಹಲ್ಲು ಬಿಸಿಯೇರಿ ಸವೆಯುತ್ತದೆ, ಹೆಚ್ಚಾದರೆ ಕಟಕಟ ಸದ್ದು.

ಈ ಆಟ ಸರಿಮಾಡುವುದು ಕಾಗದದಂಥ ಉಕ್ಕಿನ ಬಿಲ್ಲೆ, ಶಿಮ್. ಡಾನಾ 44ರಲ್ಲಿ ಅದು ಕ್ರೌನಿನ ಎರಡೂ ಬದಿಯ ಬೇರಿಂಗುಗಳ ಹಿಂದೆ ಅಡಗಿ ಕೂತಿರುತ್ತದೆ. ಒಂದು ಶಿಮ್ ಆಚೆಯಿಂದ ಈಚೆಗೆ ಬದಲಿಸಬೇಕೆಂದರೂ ಬಿಗಿಯಾಗಿ ಕೂತ ಬೇರಿಂಗನ್ನು ಪುಲ್ಲರ್ ಹಾಕಿ ಎಳೆಯಬೇಕು. ಪಳಗಿದವರು ಹಳೆಯ ಬೇರಿಂಗಿನ ಒಳಮೈಯನ್ನು ಚೂರು ಉಜ್ಜಿ ಸಡಿಲ ಮಾಡಿಟ್ಟುಕೊಂಡು, ಅಳತೆಯೆಲ್ಲ ಅದರಲ್ಲೇ ಮುಗಿಸಿ, ಕೊನೆಗಷ್ಟೇ ಹೊಸದನ್ನು ಕೂರಿಸುತ್ತಾರೆ. ಯಾವ ಪುಣ್ಯಾತ್ಮನಿಗೆ ಮೊದಲು ಹೊಳೆಯಿತೋ, ಅವನ ಹೊಟ್ಟೆ ತಣ್ಣಗಿರಲಿ.

ಆಮೇಲೆ ಪರೀಕ್ಷೆ. ಹಲ್ಲುಗಳಿಗೆ ಹಳದಿ ಪೇಸ್ಟ್ ಬಳಿದು ತಿರುಗಿಸಿದರೆ ಒತ್ತಿನ ಗುರುತು ಹಲ್ಲಿನ ನಡುಮಧ್ಯೆ ಬೀಳಬೇಕು. ತೀರ ತುದಿಗೋ ಬುಡಕ್ಕೋ ಜಾರಿದರೆ ಪಿನಿಯನ್ನಿನ ಆಳ ತಪ್ಪಿದೆ ಎಂದರ್ಥ, ಮತ್ತೆ ಬಿಚ್ಚಾಟ. ಸಾಹೇಬರು ಬ್ರಷ್ ಹಿಡಿದು ಕೂತಿದ್ದಾಗ ಊರಿಂದ ಬಂದಿದ್ದ ತಾಯಿ ಬಾಗಿಲಲ್ಲಿ ಇಣುಕಿದರು: "ಆಯುಧಪೂಜೆ ಮುಗಿದು ತಿಂಗಳಾಯ್ತಲ್ಲೋ, ಇನ್ನೂ ಅರಿಶಿನ ಹಚ್ತಿದೀಯಾ?"

ಸಕಲೇಶಪುರದ ಭಾವಮೈದುನನಿಗೆ ಇದೆಲ್ಲ ಅಮೆರಿಕದ ಶೋಕಿ. "ಭಾವ, ನಮ್ಮ ಮೇಸ್ತ್ರಿ ಗೇಜು ಗೀಜು ಮುಟ್ಟಲ್ಲ. ಕೈಯಲ್ಲಿ ಅಲ್ಲಾಡಿಸಿ ನೋಡ್ತಾನೆ, ಮುಗೀತು." ನಿಜವೇ. ಭಾವಮೈದುನನ ಜೀಪಿನ ಕ್ರೌನ್ ಊಳಿಡುವುದು ಎರಡು ಫರ್ಲಾಂಗು ಮುಂಚೆಯೇ ಕೇಳಿಸುವುದರಿಂದ, ಯಜಮಾನರು ಬರುವಷ್ಟರಲ್ಲಿ ತೋಟದ ಆಳುಗಳೆಲ್ಲ ಬೀಡಿ ಆರಿಸಿ ಗಿಡದ ಬುಡ ಸೇರಿರುತ್ತಾರೆ.

ಲಿಸ್ಲ್‌ನಲ್ಲಿ ಶಿಮ್‌ಗಳು ಮಿಕ್ಕಿವೆಯೆಂದು ತಿಳಿದದ್ದೇ ತಡ, ಅವನ ಬೇಡಿಕೆ ಬಂತು: "ಬಿಸಾಡಬೇಡಿ ಭಾವ, ಅತ್ತೆ ಕೈಲಿ ಕಳಿಸಿ."

"ನಿನ್ನ ಆಕ್ಸಲ್ಲೇ ಬೇರೆ ಕಣೋ, ಸೈಜ್ ಕೂರಲ್ಲ."

"ನೀವು ಕಳಿಸಿ ಭಾವ, ಮೇಸ್ತ್ರಿ ಕುಟ್ಟಿ ಕೂರಿಸ್ತಾನೆ."